ಕಾರಿಡಾರಿನಲ್ಲಿ ಆಡಿದ ಮಾತು

ಬಿಷ್ಕೆಕ್‌ನ ಕಣ್ಣಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಚಹದ ಹೊತ್ತಿಗೆ ಬೇರೆ ಮಾತಿಲ್ಲ. ಕಣ್ಣೊಳಗಿನ ಒತ್ತಡ ಇಳಿಸಲು ಯಾರಿಗೆ ಕಿಂಡಿ ಕೊರೆದರು, ಯಾರಿಗೆ ಕೊಳವೆ ಇಟ್ಟರು, ಯಾವುದು ಬಾಳಿಕೆ ಬಂತು ಎಂದು ಸೊಸೆಯರನ್ನು ಹೋಲಿಸುವ ಹಾಗೆ ಹೋಲಿಸುತ್ತಾರೆ.

"ನನಗೆ ಕೊಳವೆ," ಎಂದಳು ಪಕ್ಕದ ಹಾಸಿಗೆಯ ಕಾಲಿಪಾ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವಳು. "ಕಣ್ಣೊಳಗಿನ ನೀರು ಸಲೀಸಾಗಿ ಇಳಿಯುತ್ತೆ. ನಮ್ಮೂರ ಕಾಲುವೆಗಿಂತ ವಾಸಿ. ನಿನಗೇನಕ್ಕಾ?"

"ಎಡಗಣ್ಣಿಗೆ ಕಿಂಡಿ, ಹೋದ ವರ್ಷ," ಎಂದಳು ಊಲ್ಕನ್. "ದೃಷ್ಟಿ ನಿಧಾನಕ್ಕೆ ಬರುತ್ತೆ ಅಂತ ನಮ್ಮ ಮುದುಕ ಹೇಳಿದ. ಅದು ಬರಲಿ, ಆಮೇಲೆ ಬಲಗಣ್ಣು ಅಂತ ಕಾದೆ."

ಕಾಲಿಪಾ ಬಟ್ಟಲು ಕೆಳಗಿಟ್ಟಳು. "ಈ ಕಾಯಿಲೇಲಿ ಹೋದದ್ದು ಬರಲ್ಲಕ್ಕಾ. ಕಿಂಡಿಯಾಗಲಿ ಕೊಳವೆಯಾಗಲಿ, ಉಳಿದಿದ್ದನ್ನ ಉಳಿಸುತ್ತೆ ಅಷ್ಟೆ. ಇಲ್ಲಿ ಕಸ ಗುಡಿಸೋಳಿಗೂ ಗೊತ್ತು."

ಊಲ್ಕನ್‌ಗೆ ಹೋದ ವರ್ಷದ್ದು ನೆನಪಾಯಿತು. ಆಪರೇಷನ್ ಆದಮೇಲೆ ಡಾಕ್ಟರು ಅವಳ ಗಂಡ ಸತರ್‌ಕುಲ್‌ನನ್ನು ಕಾರಿಡಾರಿಗೆ ಕರೆದಿದ್ದರು. ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಳುವುದು, ರೋಗಿಗಲ್ಲ, ಇಲ್ಲಿ ಡಾಕ್ಟರುಗಳೆಲ್ಲ ಹಾಗೇ. ಒಳಗೆ ಬಂದವನು ಚೆನ್ನಾಗಿ ಆಗಿದೆಯಂತೆ, ದೃಷ್ಟಿ ನಿಧಾನಕ್ಕೆ ಬರುತ್ತಂತೆ ಎಂದಿದ್ದ. ಚಳಿಗಾಲವಿಡೀ ಅವಳು ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ಕಿಟಕಿಯನ್ನು ಹುಡುಕಿದಳು. "ಇವತ್ತು ಸ್ವಲ್ಪ ಬೆಳಕು ಹೆಚ್ಚಾಯ್ತಾ?" ಎಂದು ಅವನು ಕೇಳುತ್ತಿದ್ದ. ಎಲ್ಲ ಗೊತ್ತಿದ್ದೂ ಕೇಳುತ್ತಿದ್ದ. ವಸಂತದ ಹೊತ್ತಿಗೆ ಬಲಗಣ್ಣೂ ಮಂಜಾಗಿ, ಉಣ್ಣೆಗಂಬಳಿ ಹೊಲಿಯಲು ಕತ್ತರಿಸುವಾಗ ಅವಳ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಹೋಗತೊಡಗಿತ್ತು.

ಹೋದ ವರ್ಷದ ಅದೇ ಡಾಕ್ಟರು ಬಂದರು. ಹಿಂದೆಯೇ ಸತರ್‌ಕುಲ್. "ಸ್ವಲ್ಪ ಹೊರಗೆ ಬನ್ನಿ," ಎಂದರು ಅವನಿಗೆ.

"ಇಲ್ಲೇ ಹೇಳು ಮಗಳೇ. ಕಣ್ಣು ನನ್ನದು," ಎಂದಳು ಊಲ್ಕನ್.

ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತರು. "ಬಲಗಣ್ಣಿಗೆ ಕಿಂಡಿ ಕೊರೆದರೆ ಒತ್ತಡ ಚೆನ್ನಾಗಿ ಇಳಿಯುತ್ತೆ. ಆದರೆ ನಿಮ್ಮ ಗಾಯ ಬೇಗ ಕೂಡಿಕೊಳ್ಳುತ್ತೆ, ಎಡಗಣ್ಣಿನ ಕಿಂಡಿ ಹಾಗೇ ಮುಚ್ಚಿಹೋಯಿತು. ಕೊಳವೆಯಿಂದ ಒತ್ತಡ ಅಷ್ಟು ಇಳಿಯದೆ ಇರಬಹುದು, ಅದೂ ಕಟ್ಟಿಕೊಳ್ಳಬಹುದು. ಆದರೂ ನಿಮಗೆ ಅದೇ ಹೆಚ್ಚು ಕಾಲ ಬಂದೀತು. ಎಡಗಣ್ಣು ಮಾತ್ರ ಬರಲ್ಲಮ್ಮಾ."

"ಎಡಗಣ್ಣು ಬರಲ್ಲ ಅಂತ ಹೋದ ವರ್ಷವೇ ಇವನಿಗೆ ಹೇಳಿದ್ಯಾ?"

"ಹೇಳಿದ್ದೆ. ಬಲಗಣ್ಣಿಗೆ ತಡ ಮಾಡಬೇಡಿ ಅಂತಲೂ ಹೇಳಿದ್ದೆ."

ಸತರ್‌ಕುಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ನಿನ್ನ ಮನಸ್ಸು ಒಡೀಬಾರದು ಅಂತ, ಮುದುಕೀ..."

"ಮನಸ್ಸನ್ನ ನಾನು ನೋಡ್ಕೊತಿದ್ದೆ," ಎಂದಳು ಊಲ್ಕನ್. ಡಾಕ್ಟರ ಕಡೆ ತಿರುಗಿದಳು. "ಕೊಳವೆ ಹಾಕು ಮಗಳೇ."

ಆಪರೇಷನ್ನಿಗೆ ಕರೆ ಬಂದಾಗ ಸತರ್‌ಕುಲ್ ತೋಳು ಚಾಚಿದ. ಅವಳು ಇನ್ನೊಂದು ಕಡೆಗೆ ಕೈ ನೀಡಿದಳು.

"ಕಾಲಿಪಾ, ಬಾಗಿಲ ತನಕ ಕರಕೊಂಡು ಹೋಗು."

"ನನಗಿರೋದೂ ಒಂದೇ ಕಣ್ಣಕ್ಕಾ, ಇಬ್ಬರೂ ಗೋಡೆಗೆ ಹೊಡ್ಕೊಂಡೇವು."

"ಹೊಡ್ಕೊಳ್ಳೋಣ. ಗೋಡೆ ಇದ್ದರೆ ಇದೆ ಅಂತ ನೀನು ಹೇಳ್ತೀಯ."