ತೊಗಲು ಕಳಚುವ ದಿನ

"ಕುರಿ ನಂದು, ತೊಗಲು ನಂದು. ಈ ವರ್ಷ ನಿಮ್ ನಾಲಿಗೇನೂ ನಂದೇ ಕಣ್ರಲಾ, ನಾಯಿಮುಂಡೇವಾ!" ಹಾಜಿ ಬಿಹಿ ಏಳು ಹಸಿ ತೊಗಲುಗಳನ್ನು ಒಂದೊಂದಾಗಿ ನಮ್ಮ ಮುಖಕ್ಕೆ ಎಸೆದ.

ಬಕ್ರೀದಿನ ಮಾರನೆಯ ದಿನದಿಂದ ಮೂರು ದಿನ ನಮ್ಮ ಸೂಸ್ ಸೀಮೆಯಲ್ಲಿ ತೊಗಲುವೇಷ. ಬಲಿಯಾದ ಕುರಿಯ ತೊಗಲು ಹೊದ್ದವನು ಯಾರನ್ನು ಬೇಕಾದರೂ ಅಣಕಿಸಬಹುದು. ತೊಗಲು ಮೈಮೇಲಿರುವವರೆಗೆ ಅವನ ಮೇಲೆ ಯಾರೂ ಕೈಮಾಡುವಂತಿಲ್ಲ. ನಮ್ಮ ಕೇರಿಯಲ್ಲಿ ಕುರಿ ಕೊಯ್ಯುವ ಯೋಗ್ಯತೆ ಯಾರಿಗೂ ಇಲ್ಲ. ಹಾಗಾಗಿ ಹಾಜಿಯನ್ನು ಅಣಕಿಸಲಿಕ್ಕೂ ಹಾಜಿಯ ತೊಗಲೇ ಬೇಕು.

"ಅಗಾದಿರ್ ಪ್ಯಾಟೆಯಿಂದ ನೆಂಟ್ರು ಬರ್ತಾವ್ರೆ. ಮೇಷ್ಟ್ರನ್ನ ಆಡ್ಕೊಳ್ಳಿ, ನಿಮ್ ಹೆಂಡ್ರನ್ನ ಆಡ್ಕೊಳ್ಳಿ. ನೀರು ಅನ್ನೋ ಮಾತು ಬಂತೋ, ನಲ್ಲಿ ಬಂದ್!"

ಹಾಜಿಯ ಟೊಮೆಟೊ ತೋಟದ ಕೊಳವೆಬಾವಿಗಳು ನಮ್ಮ ಊರಬಾವಿಯನ್ನು ಹೀರಿ ಮುಗಿಸಿದ್ದವು. ಈಗ ಮೂರು ದಿನಕ್ಕೊಮ್ಮೆ ಅವನು ನಲ್ಲಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿ ಇಜ್ಜಾ ಹೆತ್ತು ಹನ್ನೊಂದು ದಿನವಾಗಿತ್ತು. ಮಗುವಿಗೆ ಇನ್ನೂ ನೆಟ್ಟಗೆ ಒಂದು ಸ್ನಾನ ಆಗಿರಲಿಲ್ಲ.

"ಬೆಲೈದ್, ಬಾಯಿ ಬಿಗಿ ಹಿಡ್ಕೊ," ಅಂದಳು ಇಜ್ಜಾ. "ನಿನ್ ಪೌರುಷದಲ್ಲಿ ಕೂಸಿನ ಮೈ ತೊಳ್ಯಕಾಗಲ್ಲ."

ಹಿಡಿದುಕೊಂಡೆ. ಹಾಜಿಯ ಅಂಗಳದಲ್ಲಿ ತೊಗಲಿನ ಮೇಲೆ ಕಾಜಿಯ ವೇಷ ಹಾಕಿದ್ದ ನಮ್ಮ ಮುದುಕ ಎಂಬಾರಕ್ ಒಂದು ಬುಟ್ಟಿ ಟೊಮೆಟೊಗೆ ಬಗ್ಗಿ ಸಲಾಂ ಹೊಡೆದ. ನಾನು, ನೀರು ಸಿಗದಾಗ ಮಾಡುವಂತೆ, ನಮಾಜಿಗೆಂದು ಮಣ್ಣಿನಲ್ಲಿ ಕೈ, ಮುಖ ಉಜ್ಜಿಕೊಳ್ಳುತ್ತ ಕೂತೆ.

"ಯಾಕ್ಲಾ, ಮಣ್ಣಲ್ಲಿ ಉಜ್ಕೋತಿದೀಯ?"

"ತೊಳ್ಕೊಳ್ಳೋ ಭಾಗ್ಯ ಟೊಮೆಟೊಗೆ, ಕಾಜಿಗಳೇ. ಅವು ಯುರೋಪಿಗೆ ಹೋಗೋವು. ನಾವು ಗೋರಿಗೆ ಹೋಗೋರು."

"ಹಂಗಾದ್ರೆ ತೀರ್ಪು ಕೇಳು! ಇವತ್ತಿಂದ ಊರಿಗೆ ಹಿರೀಕ ಈ ಟೊಮೆಟೊ. ಕೈ ಮುಗಿಯಲಾ ಬೋಳಿಮಗನೇ!"

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು, ಫೋನಿನಲ್ಲಿ ವಿಡಿಯೋ ತೆಗೆದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾಜಿ. "ಕಳ್ನನ್ಮಕ್ಳು, ಏನ್ ಮಜವಾಗಿ ಆಡ್ತಾರೆ!" ಎಂದು ಖರ್ಜೂರ ಎಸೆದ. ನಮ್ಮ ಬಾಯಾರಿಕೆ ಅವರಿಗೆ ಊಟದ ಮೇಲಿನ ಪುದೀನ ಚಹಾ.

ಮಾರನೆಯ ದಿನ ನಲ್ಲಿಗೆ ಬೀಗ ಬಿತ್ತು.

"ನೀರು ಅಂತ ನಾವು ಅನ್ನಲೇ ಇಲ್ವಲ್ಲ ಹಾಜೀ?"

"ನೀನು ಅನ್ನಲಿಲ್ಲ. ನನ್ ನೆಂಟ್ರ ಬಾಯಲ್ಲಿ ಅನ್ನಿಸ್ದೆ. ರಾತ್ರಿಯೆಲ್ಲ ಅದೇ ಮಾತು. ತೊಲಗು!"

ನಾಲ್ಕನೆಯ ದಿನ ತೊಗಲು ಕಳಚಿ, ಮೈ ತೊಳೆದುಕೊಂಡು ಕೆಲಸಕ್ಕೆ ಹೋಗಬೇಕು. ನಲ್ಲಿಯ ಬೀಗ ಹಾಗೇ ಇತ್ತು. ನಾವು ಏಳು ಜನ ತೊಗಲಲ್ಲೇ ಹಾಜಿಯ ಟೊಮೆಟೊ ತುಂಬುವ ಶೆಡ್ಡಿಗೆ ಹೋದೆವು. ಬಿಸಿಲಿಗೆ ತೊಗಲು ಕೊಳೆತು ನಾರುತ್ತಿತ್ತು. ಒಳಗೆ ಯುರೋಪಿನ ಖರೀದಿದಾರರ ಕಡೆಯವನೊಬ್ಬ ಬಿಳಿ ಟೋಪಿ ಹಾಕಿಕೊಂಡು ಶೆಡ್ಡಿನ ಶುಚಿ ಪರೀಕ್ಷಿಸುತ್ತಿದ್ದ. ನಮ್ಮನ್ನು ಕಂಡವನೇ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

ಹಾಜಿ ಓಡಿಬಂದ. "ಕಳಚ್ರೋ ಸೂಳೆಮಕ್ಳಾ!" ಎಂದು ಕೈ ಎತ್ತಿದ. ಟೊಮೆಟೊ ಆರಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕಟ್ಟಳೆ ಅವನಿಗೂ ಗೊತ್ತು. ಕೈ ಇಳಿಸಿದ.

"ಕಳಚಿದ್ರೆ ಮೈ ತೊಳೀಬೇಕಲ್ಲ ಹಾಜೀ," ಅಂದ ಎಂಬಾರಕ್. "ಎಲ್ಲಿ ತೊಳ್ಯಾನ?"

ಆಗ ಇಜ್ಜಾ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ಕಾಣಿಸಿದಳು. ಬಾಯಿ ಹಿಡ್ಕೊ ಎಂದಿದ್ದವಳು ಈಗ ಯಾರ ಮುಖವನ್ನೂ ನೋಡದೆ ಟೊಮೆಟೊ ತೊಳೆಯುವ ತೊಟ್ಟಿಗೆ ನಡೆದಳು. ಹಣ್ಣುಗಳನ್ನು ಪಕ್ಕಕ್ಕೆ ತಳ್ಳಿ, ಧೋ ಎಂದು ಸುರಿಯುತ್ತಿದ್ದ ನೀರಿನಡಿ ಕೂಸನ್ನು ಹಿಡಿದಳು. ಕೂಸು ಕಿರುಚಿಕೊಂಡಿತು.

ಹಾಜಿ ಅತ್ತ ನುಗ್ಗಿದ. ನಾವು ಏಳು ಜನ, ನೊಣಗಳ ಸಮೇತ, ಅಡ್ಡ ನಿಂತೆವು.