ತೊಂಬತ್ತು ದಿನ ಯಾರೂ ಕೇಳದಿದ್ದರೆ

ನನ್ನ ಸೊಸೆ ಮನೆಯನ್ನು ಎಷ್ಟು ಚೊಕ್ಕಟವಾಗಿ ಇಡುತ್ತಾಳೆಂದರೆ, ನೊಣ ಕೂಡ ಕಾಲು ಒರೆಸಿಕೊಂಡೇ ಒಳಗೆ ಬರಬೇಕು. ಇದನ್ನು ನಾನು ಎದುರಿಗೇ ಹೇಳುತ್ತಿದ್ದೆ, ಅವಳೂ ನಗುತ್ತಿದ್ದಳು. ದೊಡ್ಡ ಗೋದಾಮೊಂದರಲ್ಲಿ ದಾಸ್ತಾನು ನೋಡಿಕೊಳ್ಳುವ ಕೆಲಸ ಅವಳದು. ಯಾವ ಸಾಮಾನು ಎಲ್ಲಿರಬೇಕೋ ಅಲ್ಲಿಲ್ಲದಿದ್ದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಮಗ ಬಸ್ ಓಡಿಸುತ್ತಾನೆ. ಮನೆಯಲ್ಲಿ ಅವನ ಬಾಯಿಗೆ ಬೀಗ. ನಲವತ್ತು ವರ್ಷ ಬೀಗ ರಿಪೇರಿ ಮಾಡಿದವನು ನಾನು, ಆ ಒಂದು ಬೀಗ ಮಾತ್ರ ನನ್ನಿಂದ ತೆಗೆಯಲಾಗಿಲ್ಲ.

ಮೊದಲು ಕಾಣೆಯಾದದ್ದು ನನ್ನ ಅರ. ಕೀಲಿಕೈಗಳ ಹಲ್ಲು ಉಜ್ಜುವ ಸಣ್ಣ ಅರ, ಸದಾ ಕಿಟಕಿಯ ಕಟ್ಟೆಯ ಮೇಲಿರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಬರೀ ಕಟ್ಟೆ. "ನನ್ನ ಅರ ಎಲ್ಲಮ್ಮಾ?" ಎಂದು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಕೇಳುವುದೆಂದರೆ ನನಗೆ ಜೀವ ಹೋಗುವಷ್ಟು ಭಯ.

ಭಯಕ್ಕೆ ಕಾರಣ ನಮ್ಮಣ್ಣ. ಅವನಿಗೆ ಮರೆವು ಶುರುವಾದದ್ದು ಹೀಗೆಯೇ. "ನನ್ನ ಚೀಲ ಎಲ್ಲಿ? ಯಾರು ತೆಗೆದ್ರು?" ಎಂದು ದಿನವಿಡೀ ಮನೆಯವರ ತಲೆ ತಿನ್ನುತ್ತಿದ್ದ. ಚೀಲ ಅವನ ಹೆಗಲಲ್ಲೇ ಇರುತ್ತಿತ್ತು. ಆಮೇಲೆ ರಸ್ತೆಗೆ ಓಡತೊಡಗಿದ. ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಕೊಡು ಎಂದು ಅತ್ತಿಗೆ ಕಣ್ಣೀರು ಹಾಕಿದಳು. ಹಾಕಿಕೊಟ್ಟವನು ನಾನೇ. ಒಳಗಿನಿಂದ ಅವನು ಬಾಗಿಲು ಬಡಿಯುತ್ತಿದ್ದ, ಹೊರಗೆ ನಾನು ಸ್ಕ್ರೂ ತಿರುಗಿಸುತ್ತಿದ್ದೆ. ಎರಡು ವರ್ಷದ ಮೇಲೆ ಆ ಕೋಣೆಯಿಂದ ಅವನ ಹೆಣ ಹೊರಗೆ ಬಂತು. ಏನೇ ಕಳೆದರೂ ನಾನು ಮಾತ್ರ ಬಾಯಿಬಿಟ್ಟು ಕೇಳಬಾರದು ಎಂದು ಆವತ್ತೇ ತೀರ್ಮಾನ ಮಾಡಿದ್ದೆ.

ಅರದ ಹಿಂದೆಯೇ ಚಿಮುಟ ಹೋಯಿತು. ಆಮೇಲೆ, ನನ್ನವಳು ಕೂತು ತಲೆ ಬಾಚಿಕೊಳ್ಳುತ್ತಿದ್ದ ಗಿಡ್ಡ ಸ್ಟೂಲು. ಅವಳು ತೀರಿಹೋಗಿ ಆರು ವರ್ಷವಾದರೂ ಅದು ನನ್ನ ಮಂಚದ ಪಕ್ಕದಲ್ಲೇ ಇತ್ತು. ನಾನು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಸೊಸೆ ಕೆಲಸದಿಂದ ಬಂದಳು.

"ಏನಾದ್ರೂ ಹುಡುಕ್ತಿದ್ದೀರಾ ಮಾವ?"

"ಇಲ್ಲಮ್ಮ. ಸೊಂಟ ಹಿಡ್ಕೊಂಡಿತ್ತು, ಸ್ವಲ್ಪ ಬಗ್ಗಿ ನೋಡ್ದೆ."

"ಸ್ಟೂಲು ಏನಾದ್ರೂ ಬೇಕಿತ್ತಾ?"

"ಯಾವ ಸ್ಟೂಲು?" ಎಂದೆ.

ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು. ಸದ್ಯ, ಬಚಾವಾದೆ ಎಂದುಕೊಂಡೆ. ಎಂಥ ಪೆದ್ದ ನಾನು!

ಆಮೇಲೆ ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಮನೆಯ ಸಾಮಾನುಗಳನ್ನು ಮಗ್ಗಿಯ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳತೊಡಗಿದೆ. ಎದ್ದು ನೋಡಿದರೆ ಒಂದಲ್ಲ ಒಂದು ಕಡಿಮೆ. ಮನೆ ಬರಿದಾಗುತ್ತಾ ಹೋಯಿತು. ಕೆಮ್ಮಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಮನೆಗೆ ಬಂದವರೆಲ್ಲ ಎಷ್ಟು ನೀಟಾಗಿದೆ ಎಂದು ಹೊಗಳುವವರೇ. ನನಗೋ, ಯಾರೋ ನನ್ನ ತಲೆಯೊಳಗೆ ಕಸ ಗುಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಕೊನೆಕೊನೆಗೆ ಆ ಸ್ಟೂಲು ನಿಜವಾಗಿ ಇತ್ತೋ ಅಥವಾ ನಾನೇ ಕಲ್ಪಿಸಿಕೊಂಡೆನೋ ಎಂಬ ಅನುಮಾನವೂ ಬಂತು.

ಒಂದು ಮಧ್ಯಾಹ್ನ ಗೋಡೆಯ ಮೇಲೆ ನನ್ನವಳ ಫೋಟೋ ಇರಲಿಲ್ಲ. ಮೊಳೆ ಇತ್ತು. ಸುತ್ತ ಬಣ್ಣ ಮಾಸದ ಚೌಕ ಇತ್ತು. ಸೊಸೆ ಯಾವಾಗಲೋ ಬಂದು ಹಿಂದೆ ನಿಂತಿದ್ದಳು.

"ಇಲ್ಲಿ ಏನಿತ್ತು ಮಾವ? ನೆನಪಿದೆಯಾ?" ದನಿ ತುಂಬ ಮೆತ್ತಗಿತ್ತು.

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಏನೂ ಇರ್ಲಿಲ್ವಲ್ಲಮ್ಮ."

ಕಟ್ಟಿಕೊಂಡವಳನ್ನೇ ಇಲ್ಲ ಎಂದುಬಿಟ್ಟೆ. ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ. ಮರುದಿನ ಮಗ ಕೈ ಚಾಚಿ, "ಮನೆ ಕೀಲಿಕೈ ನನ್ನ ಹತ್ರ ಇರ್ಲಿ ಅಪ್ಪ," ಎಂದ. ಬೀದಿಬೀದಿಯ ಬೀಗ ತೆಗೆದ ನಾನು ನನ್ನ ಮನೆಯ ಕೀಲಿಕೈಯನ್ನೇ ಅವನಿಗೆ ಕೊಟ್ಟುಬಿಟ್ಟೆ. ಅಡುಗೆಮನೆಯಲ್ಲಿ ಅವರಿಬ್ಬರೂ ಗುಸುಗುಸು ಮಾತಾಡುವರು, ನನ್ನ ಹೆಜ್ಜೆ ಕೇಳಿದರೆ ನಿಲ್ಲಿಸುವರು. ಅಣ್ಣನ ಮನೆಯಲ್ಲಿ ನಾನೂ ಅತ್ತಿಗೆಯೂ ಹೀಗೇ ಮಾಡಿದ್ದೆವು.

ಭಾನುವಾರ ಮಗ ಸೊಸೆ ಇಬ್ಬರೂ ಮಾರುಕಟ್ಟೆಗೆ ಹೋದಾಗ ನನ್ನ ಕೋಣೆಯ ಬಲ್ಬು ಹೋಯಿತು. ಹೊಸದಕ್ಕೆಂದು ಅಟ್ಟಕ್ಕೆ ಕೈ ಹಾಕಿದೆ. ಅಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ. ಪ್ರತಿಯೊಂದರ ಮೇಲೂ ಒಂದು ತಾರೀಖು, ಕೆಳಗೆ ಸೊಸೆಯ ದುಂಡು ಅಕ್ಷರ: 'ತೊಂಬತ್ತು ದಿನ ಯಾರೂ ಕೇಳದಿದ್ದರೆ ಹೊರಗೆ.' ಒಳಗೆ ನನ್ನ ಅರ, ಚಿಮುಟ, ಸ್ಟೂಲು. ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿಟ್ಟ ಫೋಟೋ.

ನನ್ನ ತಲೆ ಸರಿಯಾಗಿತ್ತು! ಎಲ್ಲ ಇದ್ದದ್ದೇ! ನಗು ಬಂತು, ನಗುತ್ತಲೇ ಅಳು ಬಂತು. ಅವರು ಬಾಗಿಲು ತೆಗೆದಾಗ ನಾನು ಸಾಮಾನೆಲ್ಲ ಹರಡಿಕೊಂಡು ನೆಲದ ಮೇಲೆ ಕೂತಿದ್ದೆ. ಒಂದೊಂದನ್ನೂ ಎತ್ತಿ ತೋರಿಸಿ, ಎಲ್ಲಿತ್ತು, ಯಾವಾಗ ಕಾಣೆಯಾಯಿತು, ನಾನು ಯಾಕೆ ಕೇಳಲಿಲ್ಲ, ಎಲ್ಲ ಹೇಳಿದೆ.

ಸೊಸೆ ಮಗನ ಕಡೆ ತಿರುಗಿದಳು. "ಈ ರೂಲ್ಸು ಮಾವಂಗೆ ಹೇಳಿ ಅಂದಿದ್ನಲ್ಲ, ಹೇಳ್ಲಿಲ್ವಾ ನೀವು?"

"ಸುಮ್ನೆ ಜಗಳ ಆಗುತ್ತೆ ಅಂತ... ನೀನೇ ಹೇಳಿರ್ತೀಯ ಅಂದ್ಕೊಂಡೆ."

"ಅಯ್ಯೋ, ನಿಮ್ಮ ಬಾಯಿಗಿಷ್ಟು!" ಎಂದವಳು ನನ್ನ ಪಕ್ಕದಲ್ಲೇ ಕುಸಿದು ಕೂತಳು. "ಒಂದನ್ನೂ ಕೇಳ್ಲಿಲ್ಲ ನೀವು. ಅತ್ತೆ ಫೋಟೋ ತೆಗೆದಿದ್ದು ಎಸೆಯೋಕಲ್ಲ ಮಾವ. ಅದನ್ನಾದ್ರೂ ಕೇಳ್ತೀರೋ ಇಲ್ವೋ ನೋಡೋಣ ಅಂತ. ನೀವು ಏನೂ ಇರ್ಲಿಲ್ಲ ಅಂದಾಗ ಎಷ್ಟು ಹೆದರಿದ್ವಿ ಗೊತ್ತಾ?"

"ನಾಳೆ ಡಾಕ್ಟ್ರ ಹತ್ರ ಹೋಗೋದಿತ್ತು," ಎಂದು ಮಗ ಕಣ್ಣು ಒರೆಸಿಕೊಂಡ. "ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ."

ಮೂವರೂ ನಕ್ಕೆವು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಎದೆಯ ಮೇಲಿದ್ದ ಚಪ್ಪಡಿ ಇಳಿಸಿದಂತಾಯಿತು ನನಗೆ. ಸೊಸೆ ಕೊನೆಯ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಹಿತ್ತಾಳೆ ಬೀಗವೊಂದನ್ನು ತೆಗೆದು ನನ್ನ ಕೈಗಿಟ್ಟಳು.

"ನನ್ನ ವಸ್ತುಗೂ ಅದೇ ರೂಲ್ಸು ಅಂತ ಇದನ್ನೂ ಹಾಕಿದ್ದೆ. ಇದನ್ನ ನೀವು ಖಂಡಿತ ಕೇಳ್ತೀರಿ ಅಂತ ದಿನಾ ಕಾಯ್ತಿದ್ದೆ ಮಾವ."

ತಿರುಗಿಸಿ ನೋಡಿದೆ. ಅಂಗೈಯಗಲದ ಬೀಗ, ಮೀನಿನ ಆಕಾರ. ಒಂದೊಂದು ಹುರುಪೆಯನ್ನೂ ಬೇರೆಬೇರೆಯಾಗಿ ಕೊರೆದಿದ್ದರು. ಜೊತೆಗೇ ಕಟ್ಟಿದ್ದ ಕೀಲಿಕೈ ಹಾಕಿದರೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಈ ಕಾಲದಲ್ಲಿ ಇಷ್ಟು ತಾಳ್ಮೆಯಿಂದ ಕೂತು ಕೆಲಸ ಮಾಡುವವರು ಎಲ್ಲಿದ್ದಾರೆ? ನನಗೆ ಬಹಳ ಖುಷಿಯಾಯಿತು.

"ಭಾರಿ ಕೈ ಕಣಮ್ಮ ಇದು," ಎಂದೆ. "ಯಾರ ಕೆಲಸ?"

ಮಗನ ನಗು ಅಲ್ಲಿಗೇ ನಿಂತಿತು. ಸೊಸೆ ನನ್ನ ಮೊಣಕೈ ಹಿಡಿದುಕೊಂಡಳು.

"ನಿಮ್ದೇ ಮಾವ. ನಮ್ಮ ಮದುವೆಗೆ ಅಂತ ನೀವೇ ಮಾಡಿಕೊಟ್ರಲ್ಲ."

ತಮಾಷೆ ಮಾಡುತ್ತಿರಬೇಕು ಎಂದುಕೊಂಡು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.