ಎಡಗಡೆಯ ಸೀಟು

"ಇನ್ನೊಸಿ ಹುರುಳಿಕಾಳು ಹಾಕು ರಾಧಾ, ಮುಗ್ದೋಯ್ತು," ಎಂದ ಅನಂತರಾಜು.

ಸೌಟು ಹಿಡಿದು ಬಗ್ಗಿದ ರಾಧಾಮಣಿ ಹಾಗೇ ನಿಂತಳು. ಗಂಡನ ತಟ್ಟೆಯ ಬಲಭಾಗ ತೊಳೆದಿಟ್ಟಷ್ಟು ಬರಿದಾಗಿತ್ತು. ಎಡಭಾಗದಲ್ಲಿ ಹುರುಳಿಕಾಳಿನ ಪಲ್ಯ ಮುಟ್ಟದೆ ಹಾಗೇ ಇತ್ತು; ಮುದ್ದೆಯೂ ಅರ್ಧಕ್ಕೆ ನಿಂತಿತ್ತು. ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದಳು. ಮಾತ್ರೆಗಳಿಂದ ಊದಿಕೊಂಡ ಆ ಮುಖದಲ್ಲಿ ತಮಾಷೆ ಕಾಣಲಿಲ್ಲ. ಬಡಿಸಲಿ ಎಂದು ಕಾಯುತ್ತಿದ್ದ, ಅಷ್ಟೆ. ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಸಾಕು ಸಾಕು, ಇಷ್ಟೊಂದ್ಯಾಕೆ ಹಾಕ್ದೆ," ಎಂದು ಅವನು ಮತ್ತೆ ಉಣ್ಣತೊಡಗಿದ.

ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿದಾಗ ಅವಳಿಗೆ ಒಂದೊಂದೇ ನೆನಪಾಯಿತು. ಬಚ್ಚಲುಮನೆಯ ಬಾಗಿಲಿಗೆ ತಾಗಿ ತಾಗಿ ಅವನ ಎಡಭುಜ ನೀಲಿಗಟ್ಟಿತ್ತು. ಎಡಗಡೆಯಿಂದ ಹೋಗಿ ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಮೊನ್ನೆ ಗಡ್ಡ ಹೆರೆದುಕೊಂಡು ಬಂದವನ ಎಡಗೆನ್ನೆಯಲ್ಲಿ ನೊರೆ ಹಾಗೇ ಇತ್ತು. ಸುಸ್ತಿಗೆ ಹೀಗೆ ಎಂದುಕೊಂಡಿದ್ದಳು.

ಅನಂತರಾಜು ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಹುಟ್ಟಿದ್ದು ಗುಡೇಮಾರನಹಳ್ಳಿಯ ಒಕ್ಕಲು ಮನೆಯಲ್ಲಿ, ನೌಕರಿ ಸಿಕ್ಕಿದ್ದು ರಾಮನಗರದ ಡಿಪೋದಲ್ಲಿ. ಹೆಚ್ಚುಕಡಿಮೆ ಅಷ್ಟೂ ವರ್ಷ ಒಂದೇ ರೂಟು: ರಾಮನಗರದಿಂದ ಮಾಗಡಿ, ಮಾಗಡಿಯಿಂದ ರಾಮನಗರ. ಒಂದೂ ಅಪಘಾತ ಮಾಡದ್ದಕ್ಕೆ ಕೊಟ್ಟ ಬೆಳ್ಳಿ ಪದಕ ಷೋಕೇಸಿನಲ್ಲಿತ್ತು. ಎರಡು ವರ್ಷದ ಹಿಂದೆ, ಶ್ವಾಸಕೋಶದ ಕ್ಯಾನ್ಸರ್ ಬೇರೆ ಕಡೆಗೂ ಹರಡಿದೆ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ದಿನ, ವಾಪಸು ಬರುವಾಗ ಬಿಡದಿ ದಾಟುವವರೆಗೂ ಅವನು ಕಿಟಕಿಯಾಚೆಯ ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ, "ಐದು ಊರು ನೋಡ್ಬೇಕು ಕಣಮ್ಮಿ. ನಾನೇ ಗಾಡಿ ಓಡುಸ್ಕೊಂಡು ಹೋಗ್ಬೇಕು," ಅಂದಿದ್ದ.

ಹಳೆಯ ಓಮ್ನಿಯೊಂದನ್ನು ಕೊಂಡು ತಂದ. ಒಂದು ಚಿಕಿತ್ಸೆಗೂ ಇನ್ನೊಂದಕ್ಕೂ ನಡುವೆ ಮೈಯಲ್ಲಿ ಕಸುವು ಬಂದ ಹತ್ತು ಹದಿನೈದು ದಿನಗಳಲ್ಲಿ ಇಬ್ಬರೂ ಹೊರಟುಬಿಡುತ್ತಿದ್ದರು. ಜೋಗ ಆಯಿತು, ಗೋಕರ್ಣ ಆಯಿತು, ಹಂಪಿ, ವಿಜಯಪುರ ಆಯಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಇಪ್ಪತ್ತಾರು ವರ್ಷ ಅವನು ಡ್ಯೂಟಿ ಮುಗಿಸಿ ಬಂದು ಉಂಡು ಮಲಗುವವನಾಗಿದ್ದ. ಗಾಡಿಯಲ್ಲಿ ಕೂತರೆ ಮಾತಾಡುತ್ತಿದ್ದ. ಸತ್ತ ತಮ್ಮನ ವಿಷಯ, ಶಾಲೆ ಬಿಟ್ಟ ದಿನ, ಮದುವೆಯ ಚಪ್ಪರದಲ್ಲಿ ಅವಳನ್ನು ಮೊದಲು ನೋಡಿ ಹೆದರಿದ್ದು. ಪಕ್ಕದ ಸೀಟಿನಲ್ಲಿ ಕಾಲು ಮಡಚಿ ಕೂತು ಅವಳು ಕೇಳುತ್ತಿದ್ದಳು. ಇಂಥ ಗಂಡ ತನಗಿದ್ದಾನೆಂದು ಅವಳಿಗೆ ತಿಳಿದದ್ದೇ ಆ ದಾರಿಗಳಲ್ಲಿ.

ಉಳಿದಿದ್ದು ಧನುಷ್ಕೋಡಿ. ಯಾರೋ ಮೊಬೈಲಿನಲ್ಲಿ ತೋರಿಸಿದ್ದರು: ಎರಡು ಕಡೆ ಸಮುದ್ರ, ನಡುವೆ ನೇರಕ್ಕೆ ಹೋಗುವ ಕಪ್ಪು ರಸ್ತೆ, ತುದಿಯಲ್ಲಿ ನೀರು. "ಜೀವಮಾನ ಎಲ್ಲಾ ಸ್ಟ್ಯಾಂಡ್ ಗಂಟ ಹೋಗಿ ತಿರುಗುಸ್ಕಂಡ್ ಬಂದಿದ್ದೇ ಆಯ್ತು. ರಸ್ತೆನೇ ಮುಗಿಯೋ ಜಾಗ ಒಂದ್ಸಲ ನೋಡ್ಬೇಕು," ಎನ್ನುತ್ತಿದ್ದ.

ಹೋದ ತಿಂಗಳು ತಲೆನೋವು ಶುರುವಾದಾಗ ಡಾಕ್ಟರು ಸ್ಕ್ಯಾನ್ ಮಾಡಿಸಿ, ಮಿದುಳಿಗೂ ಬಂದಿದೆ ಎಂದರು. ಹತ್ತು ದಿನ ರೇಡಿಯೇಷನ್ ಕೊಟ್ಟರು. ಕೊನೆಯ ದಿನ ಆ ಡಾಕ್ಟರಮ್ಮ ಕನ್ನಡಕ ತೆಗೆದು, "ಫಿಟ್ಸ್ ಬರಬಹುದು, ದೃಷ್ಟಿಗೂ ತೊಂದರೆ ಆಗಬಹುದು. ಗಾಡಿ ಮಾತ್ರ ಮುಟ್ಟಬೇಡಿ," ಎಂದಿದ್ದರು. ಅನಂತರಾಜು ತಲೆಯಾಡಿಸಿ ಹೊರಬಂದು, "ಎಲ್ಲಾರ್ಗೂ ಹಂಗೇ ಹೇಳ್ತಾರೆ," ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದ.

ತಟ್ಟೆ ತಿರುಗಿಸಿದ ಆ ದಿನ ರಾಧಾಮಣಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಗಾಡಿ ನಿಲ್ಲುತ್ತದೆ. ಗಾಡಿ ನಿಂತರೆ ಮಂಚವೊಂದೇ. ಸಂತೆಗೆಂದೋ ಔಷಧಿ ಅಂಗಡಿಗೆಂದೋ ಅವನು ಓಮ್ನಿ ತೆಗೆದಾಗಲೆಲ್ಲ ಎಡಗಡೆಯ ಸೀಟಿನಲ್ಲಿ ಕೂತು, "ಬೈಕ್ ಬತ್ತಾ ಐತೆ... ಹಸ ಐತೆ, ಒಸಿ ಬಲಕ್ಕೆ..." ಎಂದು ಪಿಸುಗುಟ್ಟುತ್ತಿದ್ದಳು. "ನೀನ್ಯಾವಾಗ ಕಂಡಕ್ಟರ್ ಆದೆ? ಎರಡ್ ಸೀಟಿ ಊದ್ಬುಡು, ಗಾಡಿ ಎತ್ತೀನಿ," ಎಂದು ಅವನು ನಗುತ್ತಿದ್ದ. ಹದಿನೈದು ದಿನ ಹೀಗೇ ಕಳೆಯಿತು.

ಹೊರಡುವ ದಿನ ಗೊತ್ತು ಮಾಡಿದ್ದ. ಅದಕ್ಕೆ ಮೂರು ದಿನ ಮುಂಚೆ, ಬ್ರೇಕು ಸರಿಮಾಡಿಸಿದ ಗಾಡಿಯನ್ನು ಒಂದು ಸುತ್ತು ನೋಡಿಬರೋಣವೆಂದು ಮಾಗಡಿ ರಸ್ತೆಗೆ ಬಿಟ್ಟ. ಬೆಳಗಿನ ಎಂಟು ಗಂಟೆ. ಅವನ ಕೈ ಸ್ಟಿಯರಿಂಗಿನ ಮೇಲೆ ಹಗುರವಾಗಿ ಆಡುತ್ತಿತ್ತು. ಈ ತಿರುವಿನಲ್ಲಿ ಯಾವ ಕಾಲದಲ್ಲಿ ಯಾವ ಮರವಿತ್ತು ಎಂದು ಹೇಳುತ್ತಿದ್ದ. ಕಾಲ ಬಳಿ ನೀರಿನ ಬಾಟಲಿ ಉರುಳಿತು. ರಾಧಾಮಣಿ ಎತ್ತಿಕೊಳ್ಳಲು ಬಗ್ಗಿದಳು.

ದಪ್ ಎಂದಿತು. ಕಿಟಕಿಯ ತುಂಬ ಹಸಿರು ಹಾರಿಹೋಯಿತು.

"ಏನದು, ಕಲ್ಲಾ?" ಅನಂತರಾಜು ಗಾಡಿಯನ್ನು ನಿಧಾನ ಕೂಡ ಮಾಡಲಿಲ್ಲ.

"ನಿಲ್ಸಿ! ನಿಲ್ಸ್ರೀ!"

ಅವಳು ಚಪ್ಪಲಿಯಿಲ್ಲದೆ ಹಿಂದಕ್ಕೆ ಓಡಿದಳು. ಅಷ್ಟು ದೂರ ಓಡುವಾಗ ಅವಳ ಬಾಯಲ್ಲಿ ಯಾವ ದೇವರ ಹೆಸರೂ ಬರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚಿ ರಸ್ತೆಯ ಅಂಚಿಗೆಲ್ಲ ಹರಡಿತ್ತು. ಪಕ್ಕದ ಚರಂಡಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಳು. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. ಗಾಡಿ ತಾಗಿದ್ದು ಹೊರೆಗೆ, ಅವಳಿಗಲ್ಲ.

"ನಿನ್ ಗಂಡುಂಗೆ ಕಣ್ ಕಾಣಾಕಿಲ್ವಾ?" ಎಂದು ಅವಳು ಕೂಗಿದಳು. "ಇನ್ನೊಂದ್ ಗೇಣು ಈಚೆಗ್ ಬಂದಿದ್ರೆ ನಾನ್ ಇರ್ತಿರ್ನಿಲ್ಲ!"

"ಕಾಣಾಕಿಲ್ಲ ಕಣಕ್ಕ," ಎಂದಳು ರಾಧಾಮಣಿ. ಬಾಯಿಂದ ಅದು ಬಂದಾಗ ಅವಳಿಗೇ ಆಶ್ಚರ್ಯವಾಯಿತು. "ಎಡಗಡೆ ಏನೂ ಕಾಣಾಕಿಲ್ಲ. ತಲೇಲಿ ಕಾಯ್ಲೆ ಐತೆ. ನಂಗ್ ಗೊತ್ತಿತ್ತು."

ಹೆಂಗಸಿನ ಕಣ್ಣು ರಾಧಾಮಣಿಯ ಬೆನ್ನ ಹಿಂದೆ ನೆಟ್ಟಿತ್ತು. ಅನಂತರಾಜು ನಡೆದು ಬಂದು ಅಲ್ಲಿ ನಿಂತಿದ್ದ. ಅವನು ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ ಸೊಪ್ಪನ್ನು ನೋಡಿದ, ಚರಂಡಿಯನ್ನು ನೋಡಿದ, ರಕ್ತ ನೋಡಿದ. ಆಮೇಲೆ ಒಂದು ಕೈಯನ್ನು ಮುಖದ ಎಡಕ್ಕೆ ಹಿಡಿದು, ಬೆರಳುಗಳನ್ನು ಆಡಿಸಿ, ಮೆಲ್ಲಗೆ ಮೂಗಿನ ಮುಂದಕ್ಕೆ ತಂದ. ಅದು ಎಲ್ಲಿ ಕಾಣಿಸಿತೋ ಅಲ್ಲೇ ನಿಲ್ಲಿಸಿದ.

"ಎಷ್ಟ್ ದಿನದಿಂದ ಗೊತ್ತಿತ್ತು ನಿಂಗೆ?"

"ಹದಿನೈದ್ ದಿನ ಆಯ್ತು."

"ಹೇಳ್ನಿಲ್ವಲ್ಲ ರಾಧಾ."

ಅವನು ಕೀಲಿಯನ್ನು ಅವಳ ಕೈಗೆ ಕೊಟ್ಟು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಆಯತೊಡಗಿದ. "ಬುಡಣ್ಣ, ನಾನ್ ಆಯ್ಕತೀನಿ," ಎಂದಳು ಆ ಹೆಂಗಸು, ದನಿ ತಗ್ಗಿಸಿ. "ರೇಷ್ಮೆ ಉಳ ನಾಕ್ನೇ ಜ್ವರ ಎದ್ದವೆ, ಪೊರೆ ಬುಟ್ಟು ಸೊಪ್ಪಿಗೆ ಬಾಯ್ ಬುಡ್ತಾ ಕೂತವೆ. ಬ್ಯಾಗ ಓಗ್ಬೇಕು." ಅವನು ಬಿಡಲಿಲ್ಲ. ಬಲಗಡೆಯದನ್ನೆಲ್ಲ ಆಯ್ದ. ಎಡಗಡೆಯದನ್ನು ರಾಧಾಮಣಿ ಆಯ್ದಳು.

ರಾಧಾಮಣಿ ಫೋನು ಮಾಡಿದ್ದಕ್ಕೆ ಪಕ್ಕದ ಬೀದಿಯ ಬದ್ರುನ್ನೀಸಾ ಬಸ್ಸು ಹತ್ತಿ ಬಂದಳು. ಶಾಲೆಯ ಮಕ್ಕಳ ವ್ಯಾನು ಓಡಿಸುವ ಗಟ್ಟಿ ಹೆಂಗಸು. ಮೊದಲು ಆ ಹೆಂಗಸನ್ನೂ ಸೊಪ್ಪನ್ನೂ ಅವಳ ಮನೆಗೆ ಮುಟ್ಟಿಸಿದಳು, ಆಮೇಲೆ ಇವರನ್ನು.

ನಾಲ್ಕು ದಿನ ಅನಂತರಾಜು ಮನೆಯ ಮೆಟ್ಟಿಲ ಮೇಲೆ ಕೂತೇ ಇದ್ದ. ಷೋಕೇಸಿನ ಪದಕವನ್ನು ತೆಗೆದು ಎಲ್ಲಿಟ್ಟನೋ ಅವಳಿಗೆ ಸಿಗಲಿಲ್ಲ. ಬದ್ರುನ್ನೀಸಾ ಬಂದು, "ಅಣ್ಣಾ, ದಸರಾ ರಜಾದಾಗೆ ನಾನು ಓಡುಸ್ತೀನಿ, ಹೋಗ್ಬರಾಣ," ಎಂದಾಗ, "ನಾನೇನ್ ಲಗೇಜಾ, ಹೇರ್ಕಂಡ್ ಹೋಗಾಕೆ?" ಎಂದು ಎದ್ದು ಒಳಗೆ ಹೋದ. ಐದನೆಯ ದಿನ ಬೆಳಿಗ್ಗೆ ತಲೆನೋವು ಎದ್ದು, ಕಾರಿದ. ಆ ಸಂಜೆ ಮಲಗಿದ್ದಲ್ಲಿಂದಲೇ, "ಬದ್ರುಗೆ ಹೇಳು. ರಜಾ ಬರೋಗಂಟ ಕಾಯಾದ್ ಬ್ಯಾಡ," ಎಂದ. ಅವಳಿಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಡಾಕ್ಟರಮ್ಮ ಫೋನಿನಲ್ಲಿ ದಾರಿಗೆ ಬೇಕಾಗುವ ಮಾತ್ರೆಗಳ ಹೆಸರು ಬರೆಸಿದರು. ಹೊರಟಾಗ ಅವನು ಎಡಗಡೆಯ ಸೀಟಿನಲ್ಲಿದ್ದ, ರಾಧಾಮಣಿ ಹಿಂದೆ. ಕನಕಪುರ ದಾಟುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದ. ಆಮೇಲೆ ತಡೆಯಲಾಗಲಿಲ್ಲ. "ಕ್ಲಚ್ ಮ್ಯಾಲೆ ಕಾಲಿಟ್ಕಂಡ್ ಕೂರ್ಬ್ಯಾಡಮ್ಮ... ಲಾರಿ ಹಿಂದೆ ಅಂಟ್ಕಬ್ಯಾಡ..." ಬದ್ರುನ್ನೀಸಾ ನಗುತ್ತಾ, "ಹ್ಞೂಂ ಗುರುಗಳೆ," ಅನ್ನುತ್ತಿದ್ದಳು. ಸೇಲಂ ಹತ್ತಿರ ಅವನೂ ನಕ್ಕ. ಆ ದಿನ ಒಳ್ಳೆಯ ದಿನವಾಗಿತ್ತು. ದಿಂಡಿಗಲ್ಲಿನಲ್ಲಿ ಉಳಿದುಕೊಂಡರು. ಅವನು ಎರಡು ಇಡ್ಲಿ ತಿಂದ.

ಮಾರನೆಯ ದಿನ ಮಧುರೆ ದಾಟಿ ಒಂದು ಗಂಟೆಯಾಗಿರಬೇಕು. ಅವನ ಮಾತು ಅರ್ಧದಲ್ಲಿ ನಿಂತಿತು. ರಾಧಾಮಣಿ ಹಿಂದಿನಿಂದ ನೋಡಿದಾಗ ಎಡಗೈ ತಾನಾಗಿಯೇ ಕುಣಿಯುತ್ತಿತ್ತು. ಆಮೇಲೆ ಭುಜ, ಆಮೇಲೆ ಇಡೀ ಮೈ. ತಲೆ ಬಾಗಿಲ ಗಾಜಿಗೆ ಟಕಟಕ ಬಡಿಯಿತು. ಅವಳು ಸೀಟಿನ ಮೇಲಿಂದ ಬಗ್ಗಿ ಎರಡು ಕೈಯಲ್ಲಿ ಆ ತಲೆಯನ್ನು ಅವುಚಿಕೊಂಡಳು. ಬದ್ರುನ್ನೀಸಾ ಹಾರ್ನ್ ಒತ್ತಿಹಿಡಿದು ಮುಂದಿನ ಊರಿನ ಆಸ್ಪತ್ರೆಗೆ ಗಾಡಿ ನುಗ್ಗಿಸಿದಳು.

ಇಂಜೆಕ್ಷನ್ ಕೊಟ್ಟ ಮೇಲೆ ಮೈ ಸುಮ್ಮನಾಯಿತು. ಅಲ್ಲಿಯ ಚಿಕ್ಕ ಪ್ರಾಯದ ಡಾಕ್ಟರು ಫೈಲು ಓದಿ, ತಮಿಳಿನಲ್ಲಿ, ಆಮೇಲೆ ಕೈಸನ್ನೆಯಲ್ಲಿ ಹೇಳಿದರು. ಮತ್ತೆ ಬರುತ್ತದೆ. ಮಧುರೆಯ ದೊಡ್ಡಾಸ್ಪತ್ರೆಗೆ ಸೇರಿಸಿ, ಇಲ್ಲ ಮನೆಗೆ ಕರೆದುಕೊಂಡು ಹೋಗಿ. ಅದಕ್ಕಿಂತ ಹೆಚ್ಚು ಮಾಡುವಂಥದ್ದೇನೂ ಇಲ್ಲ.

ಸ್ಟ್ರೆಚರಿನಿಂದ ಎತ್ತಿ ಅವನನ್ನು ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊದಿಕೆ ಹೊದಿಸಿದರು. ಬದ್ರುನ್ನೀಸಾ ಸ್ಟಿಯರಿಂಗಿನ ಮುಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ರಾಧಕ್ಕಾ, ಯಾವ್ ಕಡೆ? ಹೇಳಿ. ನಂಗೆ ಗೊತ್ತಾಗ್ತಿಲ್ಲ."

ರಾಧಾಮಣಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನ ಕಣ್ಣು ಅರೆ ತೆರೆದಿತ್ತು. "ಏನ್ರೀ," ಎಂದಳು. "ವಾಪಸ್ ಹೋಗಾಣ್ವಾ?" ಅವನಿಗೆ ಕೇಳಿಸಿತೋ ಇಲ್ಲವೋ. ಮೂವತ್ತು ವರ್ಷದ ಸಂಸಾರದಲ್ಲಿ ಎಲ್ಲಿಗೆ ಹೋಗಬೇಕೆಂದು ಅವಳನ್ನು ಯಾರೂ ಕೇಳಿದ್ದಿಲ್ಲ. ಹೊರಗೆ ಬಿಸಿಲು ಕಾಯುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಯಾರದೋ ಮನೆಯವರು ಅಳುತ್ತಿದ್ದರು.

"ಮುಂದಕ್ ಹೋಗು ಬದ್ರು," ಎಂದಳು.

ಪಾಂಬನ್ ಸೇತುವೆಯ ಮೇಲೆ ಗಾಳಿ ಗಾಡಿಯನ್ನು ಅಲುಗಾಡಿಸಿತು. ದಾರಿಯಲ್ಲಿ ಇನ್ನೊಮ್ಮೆ ಅವನ ಎಡಗೈ ಕುಣಿದು ತಾನಾಗಿ ನಿಂತಿತು. ಬದ್ರುನ್ನೀಸಾಗೆ ರಾಧಾಮಣಿ ಹೇಳಲಿಲ್ಲ. ಆಮೇಲೆ ಅಂಗಡಿಗಳು ಮುಗಿದವು, ಮನೆಗಳು ಮುಗಿದವು, ಕುರುಚಲು ಗಿಡಗಳೂ ಮುಗಿದವು. ಎರಡೂ ಕಡೆ ನೀರು ಬಂತು. ಒಂದು ಕಡೆಯದು ಮಲಗಿತ್ತು, ಇನ್ನೊಂದು ಕಡೆಯದು ಎದ್ದೆದ್ದು ಕಲ್ಲಿಗೆ ಅಪ್ಪಳಿಸುತ್ತಿತ್ತು. ರಸ್ತೆ ಒಂದು ಕಂಬದ ಸುತ್ತ ಬಳಸಿ ಅಲ್ಲಿಗೆ ನಿಂತುಹೋಗಿತ್ತು. ಬದ್ರುನ್ನೀಸಾ ಎಂಜಿನ್ ಆರಿಸಿದಳು.

ರಾಧಾಮಣಿ ಬಾಗಿಲು ಸರಿಸಿದಳು. ಉಪ್ಪುಗಾಳಿ, ಮರಳು ಒಳಕ್ಕೆ ನುಗ್ಗಿತು. ಅವನ ಬೆನ್ನಿಗೆ ತನ್ನ ಎದೆ ಕೊಟ್ಟು ಒರಗಿಸಿ ಕೂರಿಸಿಕೊಂಡಳು.

"ಬಂದ್ವಿ ಕಣ್ರೀ," ಎಂದಳು ಕಿವಿಯ ಬಳಿ. "ಇನ್ ಮುಂದೆ ರಸ್ತೆ ಇಲ್ಲ."

ಅವನ ಉಸಿರು ಒಮ್ಮೆ ನಿಂತು, ಮತ್ತೆ ಎಳೆಯಿತು. ಕಣ್ಣು ನೀರಿನ ಕಡೆಗಿತ್ತು. ನೋಡುತ್ತಿದ್ದಾನೆಯೇ ಎಂದು ತಿಳಿಯುವ ಬಗೆ ಅವಳಿಗಿರಲಿಲ್ಲ.

ಐದು ಗಂಟೆಗೆ ಮುಂಚೆ ಎಲ್ಲರೂ ಹೊರಡಬೇಕೆಂದು ಪೊಲೀಸನೊಬ್ಬ ಜನರನ್ನು ಎಬ್ಬಿಸುತ್ತಾ ಬರುತ್ತಿದ್ದ. ಓಮ್ನಿಯ ಹತ್ತಿರ ಬಂದವನು ಒಳಗೆ ಇಣುಕದೆ, ತುಟಿಗೆ ಸೀಟಿಯಿಟ್ಟು ಚುಟುಕಾಗಿ ಎರಡು ಸಲ ಊದಿದ.

ಹೊದಿಕೆಯ ಕೆಳಗೆ ಅನಂತರಾಜುವಿನ ಬಲಗಾಲು ಮೆಲ್ಲಗೆ ಮುಂದಕ್ಕೆ ಚಾಚಿ, ಒತ್ತಿತು.